ಬಸ್ಸು ಬರುವ ತನಕ ಎಲ್ಲಿ ಕೂರುವುದು? ಕರಾವಳಿಯ ಒಂದು ಕಾಲೇಜು ಕಟ್ಟಡದ ಪ್ರಕರಣ ಅಧ್ಯಯನ

ಅಂಕೋಲಾ ಮತ್ತು ಹೊನ್ನಾವರದ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲಿ ಒಂದು ಕಾಲೇಜು ಇದೆ. ಪದವಿ ತರಗತಿಗಳ ಜೊತೆಗೆ ಎರಡು ಸ್ನಾತಕೋತ್ತರ ಕೋರ್ಸ್‌ಗಳೂ ಅಲ್ಲಿ ನಡೆಯುತ್ತವೆ. ಹೊಸ ತರಗತಿ ಕಟ್ಟಡದ ನಕ್ಷೆ ತಯಾರಾದ ಮೇಲೆ, ಪಾಯ ತೆಗೆಯುವ ಮೊದಲು, ಒಮ್ಮೆ ನೋಡಿ ಹೇಳಿ ಎಂದು ಆಡಳಿತ ಮಂಡಳಿಯವರು ನನ್ನನ್ನು ಶಿರಸಿಯಿಂದ ಕರೆಸಿದರು. ಆಮೇಲೆ ಎರಡು ಹಂತದ ಕೆಲಸ ಮುಗಿಯುವ ತನಕ ಜೊತೆಗೇ ಇದ್ದೆ. ಸಂಸ್ಥೆಯ ಹೆಸರು ಬೇಡ ಎಂದು ಅವರು ಕೇಳಿಕೊಂಡಿದ್ದಾರೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಸೆಕೆ, ಮಳೆ, ಜಗಳ ಮಾತ್ರ ಹೇಗಿತ್ತೋ ಹಾಗೇ ಇದೆ.

ಹಿನ್ನೆಲೆ

ಇಲ್ಲಿಗೆ ಬರುವ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಜನ ಬಸ್ಸಿನವರು. ಘಟ್ಟದ ಬುಡದ ಹಳ್ಳಿಗಳಿಂದ ಬರುವ ಬಸ್ಸು 8.40ರ ಸುಮಾರಿಗೆ ಇಳಿಸುತ್ತದೆ. ಕ್ಲಾಸು 9.30ಕ್ಕೆ. ಸಂಜೆ ಮೂರೂವರೆಗೆ ಪಾಠ ಮುಗಿದರೆ ವಾಪಸು ಹೋಗುವ ಬಸ್ಸು ನಾಲ್ಕೂಮುಕ್ಕಾಲಿಗೆ. ನಡುವೆ ಒಂದು ಪಿರಿಯಡ್ ಖಾಲಿ ಬಿದ್ದರೆ ಮುಗಿದೇಹೋಯಿತು. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಅವರು ಕಾಲೇಜಿನಲ್ಲಿ ಇರುತ್ತಾರೆ, ಆದರೆ ತರಗತಿಯಲ್ಲಿ ಇರುವುದಿಲ್ಲ. ಗೆಳೆತನ, ನೋಟ್ಸ್ ಹಂಚಿಕೆ, ಸೀನಿಯರ್‌ಗಳ ಹತ್ತಿರ ವಿಚಾರಿಸುವುದು, ಯಕ್ಷಗಾನದ ಟ್ರಯಲ್ಲು, ಎಲ್ಲ ಆಗುವುದು ಈ ಹೊತ್ತಿನಲ್ಲೇ. ಇದು ಯಾವ ವೇಳಾಪಟ್ಟಿಯಲ್ಲೂ ಇಲ್ಲ, ಹಾಗಾಗಿ ನಕ್ಷೆಯಲ್ಲೂ ಇರಲಿಲ್ಲ.

ಹಳೆಯ ಕಟ್ಟಡ ಎಲ್ಲ ಕಡೆ ನೋಡುವಂಥದ್ದೇ. ನಡುವೆ 8 ಅಡಿ ಕಾರಿಡಾರ್, ಎರಡೂ ಬದಿ ಕೋಣೆ. ಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಯಬೇಕು. ಗಾಳಿ ಒಂದು ತರಗತಿಗೆ ಹೊಕ್ಕರೆ ಕಾರಿಡಾರ್ ದಾಟಿ ಇನ್ನೊಂದು ತರಗತಿಯಿಂದ ಹೊರಗೆ ಹೋಗಬೇಕು. ಬಾಗಿಲು ಮುಚ್ಚಿದ ಮೇಲೆ ಅದೂ ಇಲ್ಲ. ಗೋಡೆಯ ಮೇಲೆ ಒಂದು ಬೋರ್ಡು: ‘ಇಲ್ಲಿ ಗುಂಪಾಗಿ ನಿಲ್ಲಬಾರದು’. ಬೋರ್ಡು ಇಲ್ಲದಿದ್ದರೂ ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ ಬಿಡಿ.

ಹೊಸ ನಕ್ಷೆ ಇದನ್ನೇ ದೊಡ್ಡದು ಮಾಡಿತ್ತು. ನೆಲ ಅಂತಸ್ತು, ಮೇಲೊಂದು ಅಂತಸ್ತು, ಎರಡು ಎ.ಸಿ. ಸ್ಮಾರ್ಟ್ ಕ್ಲಾಸ್. ‘ವಿದ್ಯಾರ್ಥಿಗಳ ಒಡನಾಟಕ್ಕೆ’ ಎಂದು ಎದುರಿಗೆ ಮೆಟ್ಟಿಲು ಮೆಟ್ಟಿಲಾದ ಬಯಲು ರಂಗಮಂದಿರ.

ತೊಡಕು ಎಲ್ಲಿತ್ತು

ನಮ್ಮ ಕರಾವಳಿಯಲ್ಲಿ ಉಷ್ಣಾಂಶ ಮಾತ್ರ ನೋಡಿದರೆ ಹೆದರುವಂಥದ್ದು ಏನಿಲ್ಲ. ಏಪ್ರಿಲ್‌ನಲ್ಲೂ 33, 34 ಡಿಗ್ರಿಯ ಆಸುಪಾಸು. ಕಲಬುರಗಿಯವರು ಇದನ್ನು ಬಿಸಿಲು ಅಂತಲೂ ಕರೆಯಲಿಕ್ಕಿಲ್ಲ. ಕಾಟ ಕೊಡುವುದು ಸೆಕೆ. ಗಾಳಿಯಲ್ಲೇ ನೀರು ತುಂಬಿರುವುದರಿಂದ ಮೈ ಬೆವರು ಆರುವುದಿಲ್ಲ. ದಪ್ಪ ಗೋಡೆ ಕಟ್ಟಿ ರಾತ್ರಿಯ ತಂಪು ಹಿಡಿದಿಡುವ ಉಪಾಯ ಬಯಲುಸೀಮೆಗೆ ಸರಿ. ಇಲ್ಲಿ ರಾತ್ರಿಯೇ ಅಷ್ಟು ತಣಿಯುವುದಿಲ್ಲ. ಅಂಗಳದಲ್ಲಿ ನೀರಿನ ಕೊಳ ಮಾಡುವುದೂ ಒಣ ಸೀಮೆಯ ಮದ್ದು, ಇಲ್ಲಿ ಅದರಿಂದ ಸೊಳ್ಳೆ ಸಾಕಿದ ಹಾಗಾಗುತ್ತದೆ. ಕರಾವಳಿಗೆ ಬೇಕಾದ್ದು ಎರಡೇ: ನೆರಳು, ಮತ್ತು ಮೈಗೆ ತಾಗುವ ಗಾಳಿ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಬೀಸಿದರೂ ಸಾಕು, ಎರಡು ಮೂರು ಡಿಗ್ರಿ ಕಡಿಮೆಯಾದ ಹಾಗೆ ಅನಿಸುತ್ತದೆ. ತರಗತಿಯೊಳಗೆ ಈ ಕೆಲಸ ಫ್ಯಾನ್ ಮಾಡುತ್ತದೆ. ಕಾರಿಡಾರಿನಲ್ಲಿ ಯಾರು ಮಾಡಬೇಕು?

ಇನ್ನೊಂದು ಕಡೆ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ಜಾಗ ಎನ್ನುವುದಕ್ಕೆ ಅರ್ಥವೇ ಇಲ್ಲ. ಅಧ್ಯಕ್ಷರು ಒಂದು ಸಭೆಗೆ ಐಐಎಂ ಬೆಂಗಳೂರಿನ ಚಿತ್ರಗಳನ್ನು ತಂದಿದ್ದರು. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಅಲ್ಲಿ ಮಾಡಿದ ಕಲ್ಲಿನ ಓಣಿಗಳು, ಮೇಲೆ ಪಟ್ಟಿ ಪಟ್ಟಿಯಾಗಿ ಆಕಾಶ ಕಾಣುವ ಚಪ್ಪರ, ಬಳ್ಳಿ. ದಾರಿಯನ್ನೇ ಮಾತಿನ ಜಾಗ ಮಾಡಿದ್ದು ಅದರ ಚೆಂದ, ಒಪ್ಪಬೇಕು. ಆದರೆ ಕಾರವಾರದ ಕಡೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಬೆಂಗಳೂರಿನಲ್ಲಿ ಅದರ ಮೂರನೇ ಒಂದು ಭಾಗ. ಆ ಚಪ್ಪರ ಇಲ್ಲಿ ಹಾಕಿದರೆ ನಾಲ್ಕು ತಿಂಗಳು ಓಣಿಯಲ್ಲಿ ಹೊಳೆ ಹರಿಯುತ್ತದೆ, ಅಷ್ಟೇ.

ಪೆನ್ಸಿಲ್ ಚುಕ್ಕಿ

ನಕ್ಷೆ ತಿದ್ದುವ ಮೊದಲು ಹಳೆಯ ಕಟ್ಟಡದಲ್ಲಿ ಜನ ಎಲ್ಲಿ ನಿಲ್ಲುತ್ತಾರೆ ಎಂದು ನೋಡೋಣ ಎಂದೆ. ಸಮಾಜಶಾಸ್ತ್ರದ ಉಪನ್ಯಾಸಕರೊಬ್ಬರು ಇದನ್ನು ತಮ್ಮ ವಿದ್ಯಾರ್ಥಿಗಳಿಗೆ ಅಸೈನ್‌ಮೆಂಟ್ ಆಗಿಯೇ ಕೊಟ್ಟರು. ಕಟ್ಟಡದ ನಕ್ಷೆಯ ಜೆರಾಕ್ಸ್ ಪ್ರತಿ, ಒಂದು ಪೆನ್ಸಿಲ್. ಬೆಳಿಗ್ಗೆ ಬಸ್ಸು ಬಂದ ಮೇಲೆ, ಹನ್ನೊಂದಕ್ಕೆ, ಊಟದ ಹೊತ್ತಿಗೆ, ಸಂಜೆ ಪಾಠ ಬಿಟ್ಟ ಮೇಲೆ ಒಂದು ಸುತ್ತು ಹೊಡೆಯುವುದು. ತರಗತಿಯ ಹೊರಗೆ ಕಂಡ ಪ್ರತಿಯೊಬ್ಬರಿಗೂ ಒಂದು ಚುಕ್ಕಿ. ಒಂದು ವಾರಕ್ಕೆ ಚಿತ್ರ ಸ್ಪಷ್ಟವಾಯಿತು.

ಕಾರಿಡಾರ್ ಬೆಳ್ಳಗೇ ಉಳಿದಿತ್ತು. ಚುಕ್ಕಿಗಳೆಲ್ಲ ಕುಡಿಯುವ ನೀರಿನ ಫಿಲ್ಟರ್ ಸುತ್ತ, ನೋಟಿಸ್ ಬೋರ್ಡಿನ ಎದುರು, ಮೆಟ್ಟಿಲಿನ ತಿರುವಿನಲ್ಲಿ. ಬೈಕ್ ನಿಲ್ಲಿಸುವ ಶೀಟಿನ ಮಾಡಿನ (ಸೂರಿನ) ಕೆಳಗೆ, ಗ್ರಂಥಾಲಯದ ಎದುರಿಗಿಂತ ಜಾಸ್ತಿ ಜನ. ಕಟ್ಟಡದ ಒಂದು ಮೂಲೆಯಲ್ಲಿ ಕಾರಣವೇ ಗೊತ್ತಾಗದ ಹಾಗೆ ಚುಕ್ಕಿ ಕಿಕ್ಕಿರಿದಿತ್ತು. ಹೋಗಿ ನೋಡಿದರೆ ಅಲ್ಲಿ ಮಾತ್ರ ಮೊಬೈಲ್ ನೆಟ್‌ವರ್ಕ್ ಸಿಗುತ್ತಿತ್ತು!

ಜನ ಹರಟೆಗೆಂದೇ ಒಂದು ಜಾಗಕ್ಕೆ ಹೋಗುತ್ತಿರಲಿಲ್ಲ. ನೀರು ಕುಡಿಯಲು, ನೋಟಿಸ್ ನೋಡಲು, ಬಸ್ಸು ಬಂತಾ ಎಂದು ಇಣುಕಲು ಹೋಗಿ ಅಲ್ಲೇ ನಿಲ್ಲುತ್ತಿದ್ದರು. ರಂಗಮಂದಿರದ ಬಗ್ಗೆ ನನಗಿದ್ದ ಅನುಮಾನ ಇಲ್ಲಿ ಗಟ್ಟಿಯಾಯಿತು.

ಇನ್ನೊಂದು ವಿಷಯವನ್ನು ಹೆಣ್ಣುಮಕ್ಕಳೇ ತೋರಿಸಿಕೊಟ್ಟರು. ಹುಡುಗರ ಚುಕ್ಕಿ ಎಲ್ಲೆಲ್ಲೂ ಚದುರಿತ್ತು. ಹುಡುಗಿಯರದು ಎರಡೇ ಕಡೆ: ‘ಲೇಡೀಸ್ ರೂಮ್’ ಎಂಬ ಒಂದು ಕಿಟಕಿಯ ಕೋಣೆ, ಮತ್ತು ಮೆಟ್ಟಿಲಿನ ತಿರುವು. ಕೋಣೆಯ ಕಿಟಕಿಗೆ ಮಸುಕು ಗಾಜು. ಫ್ಯಾನ್ ಇದ್ದರೂ ಸೆಕೆ. ಯಾಕೆ ಹೊರಗೆ ಕೂರುವುದಿಲ್ಲ ಎಂದು ಕೇಳಿದ್ದಕ್ಕೆ ಬಿ.ಎ. ಓದುವ ಹುಡುಗಿಯೊಬ್ಬಳು ಹೇಳಿದಳು: “ಸರ್, ಕೆಳಗೆ ಕೂತ್ರೆ ಹೋಗಿ ಬರುವವರೆಲ್ಲ ನೋಡ್ತಾರೆ. ರೂಮಲ್ಲಿ ಕೂತ್ರೆ ಬಸ್ ಬಂದಿದ್ದೇ ಗೊತ್ತಾಗೂದಿಲ್ಲ.” ಮೆಟ್ಟಿಲಿನ ತಿರುವಿನಲ್ಲಿ ಎರಡೂ ತಾಪತ್ರಯ ಇರಲಿಲ್ಲ. ಅಲ್ಲಿಂದ ಗೇಟು ಕಾಣುತ್ತದೆ. ಗೇಟಿನಲ್ಲಿ ನಿಂತವರಿಗೆ ಅಲ್ಲಿ ಕೂತವರು ಅಷ್ಟಾಗಿ ಕಾಣುವುದಿಲ್ಲ. ಆದರೆ ಅದು ನಾಲ್ಕು ಜನ ಕೂತರೆ ಐದನೆಯವರು ದಾಟಲಾಗದ ಜಾಗ. ದಿನಕ್ಕೆ ನಾಲ್ಕು ಸಲ ಯಾರಾದರೂ ಉಪನ್ಯಾಸಕರು ಎಬ್ಬಿಸುತ್ತಿದ್ದರು.

ತೆಗೆದುಕೊಂಡ ತೀರ್ಮಾನಗಳು

ಮೊದಲ ಜಗಳ ಜಗಲಿಯದ್ದು. ನಡುವಿನ ಕಾರಿಡಾರ್ ತೆಗೆದು, ಒಂದೇ ಸಾಲು ತರಗತಿ ಮಾಡಿ, ಉದ್ದಕ್ಕೂ 10 ಅಡಿ ಜಗಲಿ ಬಿಡೋಣ ಎಂದೆ. ಆಗ ಪ್ರತಿ ತರಗತಿಗೂ ಎರಡು ಬದಿಯಿಂದ ಗಾಳಿ, ಬೆಳಕು. ಖಜಾಂಚಿಯವರು ತಕ್ಷಣ ಲೆಕ್ಕ ತೆಗೆದರು. ಎರಡು ಸಾಲು ಇದ್ದಾಗ 8 ಅಡಿ ಕಾರಿಡಾರನ್ನು ಎರಡು ತರಗತಿ ಹಂಚಿಕೊಳ್ಳುತ್ತವೆ, ತಲಾ 4 ಅಡಿ. ಈಗ ಒಂದೊಂದಕ್ಕೂ 10 ಅಡಿ. “ಎರಡೂವರೆ ಪಟ್ಟು ವೇಸ್ಟ್ ಏರಿಯಾ” ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಕೊಟ್ಟವರು ನಿವೃತ್ತರಾಗಲಿದ್ದ ಕನ್ನಡ ಉಪನ್ಯಾಸಕರು: “ನಿಮ್ಮನೆ ಜಗಲಿ ವೇಸ್ಟಾ ಮಾರಾಯ್ರೆ? ಬಂದವರಿಗೆ ಕವಳ (ಎಲೆಯಡಿಕೆ) ಕೊಡೂದು ಎಲ್ಲಿ?” ಎಲ್ಲರೂ ನಕ್ಕರು. ಆದರೆ ಖಜಾಂಚಿಯವರು ಒಪ್ಪಿದ್ದು ನಗುವಿಗಲ್ಲ. ಗಾಳಿ ಬೆಳಕು ಎರಡು ಬದಿಯಿಂದ ಬಂದರೆ ಸ್ಮಾರ್ಟ್ ಕ್ಲಾಸ್ ಎರಡರ ಬದಲು ಒಂದಕ್ಕೇ ಎ.ಸಿ. ಸಾಕು, ಹಗಲು ದೀಪ ಉರಿಸುವುದೂ ತಪ್ಪುತ್ತದೆ ಎಂದು ಬರೆದು ತೋರಿಸಿದ ಮೇಲೆ ಸುಮ್ಮನಾದರು.

ಎರಡನೆಯದು ದಿಕ್ಕು. ಬಿಸಿ ನಾಡಿನಲ್ಲಿ ಕಟ್ಟಡದ ಉದ್ದ ಪೂರ್ವ ಪಶ್ಚಿಮವಾಗಿರಲಿ, ಪಡುವಣ ಬಿಸಿಲಿಗೆ ಗೋಡೆ ಕಡಿಮೆ ಸಿಗಲಿ ಎಂದು ಪಾಠ ಹೇಳುತ್ತದೆ. ಇಲ್ಲಿ ಜಾಗ ಹೆದ್ದಾರಿಯ ಗುಂಟ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಮಲಗಿತ್ತು. ತಿರುಗಿಸಲು ಅಗಲ ಇರಲಿಲ್ಲ. ಮೇಲಾಗಿ ಮಧ್ಯಾಹ್ನದ ಕಡಲ ಗಾಳಿ ಬರುವುದೇ ಪಡುವಣದಿಂದ. ಬಿಸಿಲು ಬೇಡ, ಗಾಳಿ ಬೇಕು, ಎರಡೂ ಒಂದೇ ಬದಿ.

ಆ ಬದಿಯಲ್ಲಿ ತಿದ್ದುವ ಮೊದಲಿನ ನಕ್ಷೆ ಏನನ್ನು ಇಟ್ಟಿತ್ತು ಗೊತ್ತಾ? ಶೌಚಾಲಯಗಳ ಸಾಲು. ಜಾಗ ಗುರುತು ಮಾಡುವ ದಿನ ಸುಣ್ಣದ ಗೆರೆ ಎಳೆಯುತ್ತಿದ್ದ ಮೇಸ್ತ್ರಿಯೇ ಕೇಳಿದ: “ಸರ್, ಮಧ್ಯಾಹ್ನ ಗಾಳಿ ಬರೂದೇ ಈ ಬದಿಂದ. ಇಲ್ಲೇ ಸಂಡಾಸು ಕಟ್ಟಿದ್ರೆ ಕ್ಲಾಸಲ್ಲಿ ಕೂತವರ ಗತಿ ಎಂತ?” ಶೌಚಾಲಯ ಅದೇ ದಿನ ಈಶಾನ್ಯದ ಮೂಲೆಗೆ ಹೋಯಿತು. ವಾಸ್ತು ಅಂತ ಅಧ್ಯಕ್ಷರು ಸ್ವಲ್ಪ ಮುಖ ಸಿಂಡರಿಸಿದರು. ಮೂಗಿನ ಮುಂದೆ ವಾಸ್ತು ನಿಲ್ಲಲಿಲ್ಲ.

ಪಡುವಣಕ್ಕೆ ಜಗಲಿ ಬಂತು. ಬಿಸಿಲು ಜಗಲಿಯ ಮೇಲೆ ಬೀಳಲಿ, ತರಗತಿಯ ಗೋಡೆ ನೆರಳಿನಲ್ಲಿರಲಿ ಎಂಬುದು ಲೆಕ್ಕ. ಆದರೆ ಮೂರೂವರೆಯಿಂದ ನಾಲ್ಕೂಮುಕ್ಕಾಲು ಜಗಲಿ ತುಂಬುವ ಹೊತ್ತು. ಸೂರ್ಯ ಇಳಿಯುವುದೂ ಆಗಲೇ. ಹಾಗಾಗಿ ಮಾಡನ್ನು ತಗ್ಗಿಸಿದೆವು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಲೆ ಬಗ್ಗಿಸಿ ಜಗಲಿ ಹತ್ತುವ ಹಾಗೆ ಮಾಡು ಇಳಿದಿರುತ್ತದಲ್ಲ, ಅದೇ ಕ್ರಮ. ನೆಲ ಅಂತಸ್ತಿನಲ್ಲಿ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮೇಲೆ ಮಂಗಳೂರು ಹೆಂಚು, ಮಾಡಿನ ಅಂಚು ನೆಲದಿಂದ 7 ಅಡಿ. 10 ಅಡಿ ಆಳ, 7 ಅಡಿ ಅಂಚು ಎಂದರೆ ಸೂರ್ಯ ಸುಮಾರು 35 ಡಿಗ್ರಿಗೆ ಇಳಿಯುವ ತನಕ ಬಿಸಿಲು ಒಳಗೋಡೆ ಮುಟ್ಟುವುದಿಲ್ಲ. ಏಪ್ರಿಲ್‌ನಲ್ಲಿ ಅದಾಗುವುದು ನಾಲ್ಕು ಗಂಟೆ ದಾಟಿದ ಮೇಲೆ. ಕಬ್ಬಿಣಕ್ಕೆ ಉಪ್ಪುಗಾಳಿ ಹಿಡಿಯುತ್ತದೆಂದು ಜಗಲಿಯ ಕಂಬಗಳಿಗೆ ಚಿರೆಕಲ್ಲೇ (ಕೆಂಪು ಜಂಬಿಟ್ಟಿಗೆ ಕಲ್ಲು) ಆಯಿತು.

ಮೂರನೆಯದು, ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು, ಮೆಟ್ಟಿಲಿನ ತಿರುವು. ಲೇಡೀಸ್ ರೂಮಿಗೆ ಇಟ್ಟಿದ್ದ ಜಾಗದ ಅರ್ಧವನ್ನು ತೆಗೆದು ತಿರುವಿಗೆ ಸೇರಿಸಿದೆವು. 12 ಅಡಿಗೆ 10 ಅಡಿ ಆಯಿತು. ಹತ್ತಿ ಇಳಿಯುವವರ ದಾರಿ ಒಂದು ಬದಿ, ಕೂರುವ ಕಟ್ಟೆ ಇನ್ನೊಂದು ಬದಿ. ಪಡುವಣಕ್ಕೆ ಚಿರೆಕಲ್ಲಿನ ಜಾಲರಿ ಗೋಡೆ. ಒಳಗೆ ಕೂತರೆ ಗೇಟು, ಬಸ್ಸು, ರಸ್ತೆ ಎಲ್ಲ ಕಾಣುತ್ತದೆ. ಹೊರಗಿನವರಿಗೆ ಜಾಲರಿ ಮಾತ್ರ ಕಾಣುತ್ತದೆ. ಮೆಟ್ಟಿಲಿನ ಗೂಡಿನ ನೆತ್ತಿಯಲ್ಲಿ ಗಾಳಿಕಂಡಿ ಬಿಟ್ಟಿದ್ದರಿಂದ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಜಾಲರಿಯಿಂದ ಕಡಲ ಗಾಳಿ ಒಳಗೆ ಬರುತ್ತದೆ. ಕಟ್ಟೆಯ ಎತ್ತರ 16 ಇಂಚು, ಅಗಲ 2 ಅಡಿ. 2 ಅಡಿ ಯಾಕೆಂದರೆ ಹಿಂದೆ ಬ್ಯಾಗು ಇಡಬೇಕು. ಕಟ್ಟೆಯ ಕೆಳಗೆ ಚಾರ್ಜಿಂಗ್ ಸಾಕೆಟ್ ಎರಡು. ಪ್ರಾಂಶುಪಾಲರು ಸಾಕೆಟ್ ಬೇಡವೆಂದರು. ಸಮಾಜಶಾಸ್ತ್ರದವರು ಚುಕ್ಕಿಯ ನಕ್ಷೆ ಬಿಡಿಸಿ ಮೇಜಿನ ಮೇಲೆ ಇಟ್ಟರು.

ರಂಗಮಂದಿರವನ್ನು ತಪ್ಪಿಸಲು ಆಗಲಿಲ್ಲ. ದಾನಿಯೊಬ್ಬರು ಅದಕ್ಕೆಂದೇ ಹಣ ಕೊಟ್ಟಿದ್ದರು.

ಏನಾಯಿತು

ಮೊದಲ ಹಂತದಲ್ಲಿ ನೆಲ ಅಂತಸ್ತು ಮತ್ತು ಮೆಟ್ಟಿಲಿನ ಗೂಡು ಮುಗಿದವು. ಜಗಲಿಯ ಹೊರ ಅಂಚಿನ ಉದ್ದಕ್ಕೂ ಕಟ್ಟೆ. ಬೇಸಿಗೆಯಲ್ಲಿ ಅದು ತುಂಬಿತು. ತುಂಬಿದ್ದೇ ತೊಂದರೆಯಾಯಿತು.

ತರಗತಿಯ ಗೋಡೆಯಲ್ಲಿ 7 ಅಡಿಯ ಮೇಲೆ ಗಾಳಿಕಂಡಿಗಳಿದ್ದವು. ಗಾಳಿಯ ಜೊತೆ ಹರಟೆಯೂ ಅಲ್ಲಿಂದ ಒಳಗೆ ಬಂತು. ಒಳಗೆ ಇಂಗ್ಲಿಷ್ ಪಾಠ, ಹೊರಗೆ ಕ್ರಿಕೆಟ್ ಸ್ಕೋರು. ಉಪನ್ಯಾಸಕರು ಒಟ್ಟಾಗಿ ದೂರು ಕೊಟ್ಟರು. ಗಾಳಿಕಂಡಿಗೆ ಗಾಜು ಹಾಕಿ, ಇಲ್ಲವೇ ಕಟ್ಟೆ ಒಡೆಯಿರಿ ಎಂದು ಪತ್ರ ಬಂತು. ಹಳೆಯ ಬೋರ್ಡನ್ನು ಯಾರೋ ತಂದು ಜಗಲಿಯ ಕಂಬಕ್ಕೆ ಕಟ್ಟಿಯೂ ಬಿಟ್ಟರು. ಕೆಲಸ ಪೂರ್ತಿ ದಾರಿ ತಪ್ಪಬಹುದಾಗಿದ್ದ ಹೊತ್ತು ಅದು. ಗಾಜು ಹಾಕಿದ್ದರೆ ತರಗತಿಗೆ ಎ.ಸಿ. ಬೇಕಾಗುತ್ತಿತ್ತು. ಎ.ಸಿ. ಬಂದರೆ ಬಾಗಿಲು ಮುಚ್ಚುತ್ತದೆ, ಜಗಲಿ ಬರೇ ಕಾರಿಡಾರ್ ಆಗುತ್ತದೆ.

ಮತ್ತೆ ಚುಕ್ಕಿ ಹಾಕಿಸಿದೆವು. ಪಾಠದ ಹೊತ್ತಿನಲ್ಲಿ ಜಗಲಿಯಲ್ಲಿ ಕೂರುವವರು ಎಲ್ಲ ಕಡೆ ಇರಲಿಲ್ಲ. ನೀರಿನ ಫಿಲ್ಟರ್ ಇದ್ದ ಎರಡು ಕಡೆ ಗುಂಪು, ಆ ಎರಡೂ ತರಗತಿಯ ಬಾಗಿಲಿನ ಎದುರೇ. ಫಿಲ್ಟರನ್ನು ದಾಸ್ತಾನು ಕೋಣೆಯ ಎದುರಿಗೆ ಸ್ಥಳಾಂತರಿಸಿದೆವು. ನೋಟಿಸ್ ಬೋರ್ಡೂ ಅಲ್ಲಿಗೇ ಹೋಯಿತು. ತರಗತಿ ಎದುರಿನ ಕಟ್ಟೆಯ ಮೇಲೆ ಗಿಡದ ಕುಂಡ ಇಟ್ಟರು. ಗಲಾಟೆ ಪೂರ್ತಿ ನಿಂತಿತು ಅಂತ ಹೇಳಲಾರೆ, ದೂರು ನಿಂತಿತು. ಎರಡನೇ ಹಂತದಲ್ಲಿ ಮೇಲಿನ ಅಂತಸ್ತಿನ ನಕ್ಷೆಯನ್ನೇ ಬದಲಿಸಿದೆವು. ಎರಡೆರಡು ತರಗತಿಯ ನಡುವೆ ದಾಸ್ತಾನು ಅಥವಾ ಉಪನ್ಯಾಸಕರ ಕೋಣೆ, ಅದರ ಎದುರು ಮಾತ್ರ ಜಗಲಿ ಹೊರಗೆ ಉಬ್ಬಿ ಕೂರುವ ಜಾಗವಾಗುತ್ತದೆ. ತರಗತಿಯ ಎದುರು ಸುಮ್ನೆ ದಾರಿ.

ಇದರಿಂದ ಯಾರೂ ಎಣಿಸದ ಒಂದು ಲಾಭವಾಯಿತು. ಉಪನ್ಯಾಸಕರ ಕೋಣೆಯ ಬಾಗಿಲು ನೇರ ಆ ಉಬ್ಬಿಗೆ ತೆರೆಯುತ್ತದೆ. ಸೆಕೆಗೆ ಅವರೂ ಕುರ್ಚಿ ಎಳೆದುಕೊಂಡು ಹೊರಗೆ ಬರುತ್ತಾರೆ. ಸ್ಟಾಫ್ ರೂಮಿನ ಬಾಗಿಲು ತಟ್ಟಲು ಹೆದರುವ ಹುಡುಗರು ಅಲ್ಲಿ ಪುಸ್ತಕ ತೆರೆದು ನಿಲ್ಲುತ್ತಾರೆ. ಇಡೀ ಯೋಜನೆಯಲ್ಲಿ ಓದಿಗೆ ಅತಿ ಹತ್ತಿರದ ಫಲ ಇದೇ ಅಂತ ನನಗನಿಸುತ್ತದೆ.

ಮಳೆ ಬೇರೆ ಪಾಠ ಕಲಿಸಿತು. ಬೇಸಿಗೆಯ ಗಾಳಿ, ಮಳೆಗಾಲದ ಎರಚಲು, ಎರಡೂ ಒಂದೇ ದಿಕ್ಕಿನವು. ಜೂನ್ ಎರಡನೇ ವಾರಕ್ಕೆ ಹೊರ ಅಂಚಿನ ಕಟ್ಟೆ ಪೂರ್ತಿ ಒದ್ದೆ. ಮೊದಲು ನೀಲಿ ತಾಡಪಾಲು ಕಟ್ಟಿದರು. ಗಾಳಿ, ಬೆಳಕು ಎರಡೂ ಹೋದವು. ಕೊನೆಗೆ ಒಳಗೋಡೆಗೆ ತಾಗಿ ಮರದ ಬೆಂಚು ಹಾಕಿದರು. ಈಗ ಬೇಸಿಗೆಯಲ್ಲಿ ಜನ ಹೊರಗಿನ ಕಟ್ಟೆಯಲ್ಲಿ, ಮಳೆಗಾಲದಲ್ಲಿ ಒಳಗಿನ ಬೆಂಚಿನಲ್ಲಿ.

ಕೊಡೆಯ ಕಥೆಯನ್ನೂ ಹೇಳಬೇಕು. ನಾಲ್ಕು ತಿಂಗಳು ನೂರಾರು ಒದ್ದೆ ಕೊಡೆಗಳು. ತರಗತಿಯೊಳಗೆ ತಂದರೆ ನೆಲವೆಲ್ಲ ನೀರು, ಜಗಲಿಯಲ್ಲಿ ಬಿಡಿಸಿಟ್ಟರೆ ದಾರಿಯೇ ಇಲ್ಲ. ಮಾಡಿನ ಅಂಚಿನ ಕೆಳಗೆ, ನೀರು ಚರಂಡಿಗೇ ಬೀಳುವ ಹಾಗೆ, ಕಬ್ಬಿಣದ ಕಂಬಿ ಹಾಕಿಸಿದರು. ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಕೊಡೆಯ ಹಿಡಿಗೆಲ್ಲ ಕೆಂಪು ಬಣ್ಣ. ಈಗ ಅಲ್ಲಿ ದಪ್ಪ ಪಿ.ವಿ.ಸಿ. ಪೈಪಿದೆ. ನೋಡಲು ಚೆಂದವಿಲ್ಲ. ಆದರೆ ಪಾಠ ಬಿಟ್ಟ ಮೇಲೆ ತಮ್ಮ ಕರಿ ಕೊಡೆ ಯಾವುದು ಎಂದು ಹುಡುಕುತ್ತ, ಹೊರಗೆ ಮಳೆ ಕಡಿಮೆಯಾಗಲಿ ಎಂದು ಕಾಯುತ್ತ, ಜನ ಅಲ್ಲೇ ಕಾಲು ಗಂಟೆ ನಿಲ್ಲುತ್ತಾರೆ. ಪಕ್ಕದ ಕ್ಲಾಸಿನವರ ಪರಿಚಯವಾಗಿದ್ದೇ ಅಲ್ಲಿ ಎಂದು ಒಬ್ಬ ಹುಡುಗ ಹೇಳಿದ.

ಮೆಟ್ಟಿಲಿನ ತಿರುವು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯುತ್ತಿದೆ. ಬೆಳಿಗ್ಗೆ 8.40ರ ಬಸ್ಸಿನ ಹುಡುಗಿಯರದ್ದೇ ಅಲ್ಲಿ ರಾಜ್ಯಭಾರ. ಮಧ್ಯಾಹ್ನ ಹುಡುಗರೂ ಇರುತ್ತಾರೆ. ಒಬ್ಬರಿಬ್ಬರು ಪೋಷಕರು ಆಕ್ಷೇಪ ಎತ್ತಿದಾಗ ಪ್ರಾಂಶುಪಾಲರೇ ಅವರನ್ನು ಕರೆದುಕೊಂಡು ಹೋಗಿ ತೋರಿಸಿದರು: ಎರಡು ಅಂತಸ್ತಿಗೂ ಹೋಗಿ ಬರುವ ದಾರಿ, ನಿಮಿಷಕ್ಕೊಬ್ಬರು ಉಪನ್ಯಾಸಕರು ದಾಟುವ ಜಾಗ. ಹಳೆಯ ಲೇಡೀಸ್ ರೂಮ್ ಇನ್ನೂ ಇದೆ. ಹುಷಾರಿಲ್ಲದಾಗ ಮಲಗಲು, ಬಟ್ಟೆ ಸರಿಮಾಡಿಕೊಳ್ಳಲು ಅದು ಬೇಕೇ ಬೇಕು. ಅದನ್ನು ಪೂರ್ತಿ ತೆಗೆಯುವ ಮಾತು ನಡುವೆ ಬಂದಿತ್ತು, ಹುಡುಗಿಯರೇ ಬೇಡವೆಂದರು.

ಬಯಲು ರಂಗಮಂದಿರ? ಮಾರ್ಚಿನಿಂದ ಕಲ್ಲು ಕಾದು ಕೂರಲಾಗುವುದಿಲ್ಲ. ಜೂನ್‌ನಿಂದ ಹಾವಸೆ ಕಟ್ಟಿ ಕಾಲಿಟ್ಟರೆ ಜಾರುತ್ತದೆ. ಡಿಸೆಂಬರಿನ ವಾರ್ಷಿಕೋತ್ಸವಕ್ಕೆ ಒಳ್ಳೆಯ ಜಾಗ. ಉಳಿದ ದಿನ ಅದರ ಸಪಾಟಾದ ನಡುಭಾಗದಲ್ಲಿ ಬೈಕ್ ನಿಲ್ಲಿಸುತ್ತಾರೆ. ದಾನಿಗಳ ಹೆಸರಿನ ಕಲ್ಲು ಒಂದು ಸ್ಪ್ಲೆಂಡರ್ ಹಿಂದೆ ಅಡಗಿರುತ್ತದೆ.

ಬೇರೆ ಕಡೆ ಕಟ್ಟುವವರಿಗೆ

ಇದೇ ನಕ್ಷೆಯನ್ನು ಎತ್ತಿಕೊಂಡು ಹೋಗಿ ಧಾರವಾಡದಲ್ಲೋ ರಾಯಚೂರಿನಲ್ಲೋ ಕಟ್ಟಬೇಡಿ. ಅಲ್ಲಿಯ ಒಣ ಬಿಸಿಲಿಗೆ ದಪ್ಪ ಗೋಡೆ, ಒಳ ಅಂಗಳ ಬೇಕು. ಘಟ್ಟದ ಮೇಲೆ ಶಿರಸಿಯಲ್ಲಿ ಕಟ್ಟಿದರೂ ಜಗಲಿಯ ದಿಕ್ಕನ್ನು ಮತ್ತೆ ಯೋಚಿಸಬೇಕು. ಡಿಸೆಂಬರ್ ಬೆಳಿಗ್ಗೆ ಅಲ್ಲಿ ಜನ ಬಿಸಿಲನ್ನು ಹುಡುಕಿಕೊಂಡು ಹೋಗುತ್ತಾರೆ.

ಎತ್ತಿಕೊಂಡು ಹೋಗಬಹುದಾದದ್ದು ಕೇಳುವ ಪ್ರಶ್ನೆಗಳನ್ನು. ಕೋಣೆಗಳ ಪಟ್ಟಿಗಿಂತ ಮೊದಲು ಬಸ್ಸಿನ ವೇಳಾಪಟ್ಟಿ ತರಿಸಿಕೊಳ್ಳಿ. ಜಾಗವನ್ನು ಮಾರ್ಚಿನ ಮಧ್ಯಾಹ್ನ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ ನೋಡಿ. ನೀರಿನ ಫಿಲ್ಟರ್, ನೋಟಿಸ್ ಬೋರ್ಡು, ಚಾರ್ಜಿಂಗ್ ಸಾಕೆಟ್ ಎಲ್ಲಿ ಬರುತ್ತದೆ ಎಂಬುದನ್ನು ಎಲೆಕ್ಟ್ರಿಷಿಯನ್, ಪ್ಲಂಬರ್ ಕೈಗೆ ಬಿಡಬೇಡಿ. ಜನ ಸೇರುವ ಜಾಗವನ್ನು ಅವು ತೀರ್ಮಾನಿಸುತ್ತವೆ, ಕಟ್ಟೆ ಅವುಗಳ ಹಿಂದೆ ಬರಬೇಕು. ಹೆಣ್ಣುಮಕ್ಕಳನ್ನು ಸಭೆಗೆ ಕರೆದು ಕೇಳಿದರೆ ‘ಎಲ್ಲ ಚೆನ್ನಾಗಿದೆ ಸರ್’ ಎನ್ನುತ್ತಾರೆ. ಕೈಗೆ ನಕ್ಷೆ, ಪೆನ್ಸಿಲ್ ಕೊಟ್ಟರೆ ಬೇರೆಯದೇ ಹೇಳುತ್ತಾರೆ.

ಈಗ ಮೂರನೇ ಕಟ್ಟಡದ ಮಾತುಕತೆ ನಡೆಯುತ್ತಿದೆ. ಸ್ನಾತಕೋತ್ತರ ವಿಭಾಗದವರು ಸೆಮಿನಾರ್ ಹಾಲ್ ಪೂರ್ತಿ ಎ.ಸಿ. ಇರಲಿ ಎನ್ನುತ್ತಾರೆ. ಆಗಬಹುದು, ಆದರೆ ಬಾಗಿಲು ಜಗಲಿಗೇ ತೆರೆಯಬೇಕು ಎಂಬುದು ನನ್ನ ಷರತ್ತು. ಖಜಾಂಚಿಯವರು ಈ ಸಲ ಜಗಲಿ 12 ಅಡಿ ಇರಲಿ ಎಂದು ತಾವೇ ಬರೆದು ಕಳಿಸಿದ್ದಾರೆ. 12 ಅಡಿ ಮಾಡಿದರೆ ಮಾಡಿನ ಇಳಿಜಾರು ಸಾಲದೆ ಹೆಂಚಿನ ಸಂದಿನಲ್ಲಿ ನೀರು ಬರುತ್ತದೆ ಎಂದು ಮೇಸ್ತ್ರಿ ತಕರಾರು ಎತ್ತಿದ್ದಾನೆ. ಅಂದಾಜು ಪಟ್ಟಿ ಇನ್ನೂ ಪಾಸಾಗಿಲ್ಲ.